ಉರುವಲಾಗಿ ಹೋಗುತ್ತಿರುವ ಹಳೆಯ ಸಾಗವಾನಿ

ಯಾದಗಿರಿ, ಶಹಾಪುರ, ಸುರಪುರಗಳ ಹಳೆಯ ಓಣಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳನ್ನು ಇಳಿಸಿ ಕಾಂಕ್ರೀಟಿನ ಮನೆಗಳನ್ನು ಕಟ್ಟುವ ಕಾರ್ಯ ಇಂದಿಗೂ ನಿಂತಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದು ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಗ್ರಾಮಗಳಲ್ಲಿಯೂ ಇದೇ ದೃಶ್ಯ. ಮಳೆಗಾಲದಲ್ಲಿ ಸೋರುವ, ಮೇಲಿಂದ ಮೇಲೆ ಮಣ್ಣು ಹೊದಿಸಬೇಕಾದ ಮಾಳಿಗೆಯನ್ನು ಬಿಟ್ಟುಕೊಡುವವರನ್ನು ಯಾರೂ ದೂಷಿಸಲಾರರು. ಆದರೆ ಇಳಿಸಿದ ಮನೆಯ ಸಾಮಗ್ರಿಯಲ್ಲಿ ಪರಸಿ ಕಲ್ಲುಗಳು ಎಣಿಕೆಯ ಮೇಲೆ ಮಾರಾಟವಾಗುತ್ತವೆ, ಕಬ್ಬಿಣ ತೂಕದ ಮೇಲೆ ಗುಜರಿಗೆ ಹೋಗುತ್ತದೆ. ತೊಲೆ, ಜಂತಿ, ಕಂಬ, ಬೋದಿಗೆ, ಚೌಕಟ್ಟುಗಳಲ್ಲಿ ಕಣ್ಣಿಗೆ ಹಿಡಿಸಿದ ನಾಲ್ಕಾರನ್ನು ಹೊರತುಪಡಿಸಿ ಉಳಿದುದು ಕಟ್ಟಿಗೆಯ ಲೆಕ್ಕದಲ್ಲಿ ಒಲೆಗೋ ಭಟ್ಟಿಗೋ ಸೇರುತ್ತದೆ. ಮೂರು ತಲೆಮಾರು ನೆರಳಿನಲ್ಲಿ ಒಣಗಿದ ಸಾಗವಾನಿ ಮತ್ತು ಬೇವಿನ ಮರ ಉರುವಲಿನ ದರಕ್ಕೆ ಹೋಗುವುದು ವ್ಯಾಪಾರದ ದೃಷ್ಟಿಯಿಂದಲೂ ಒಪ್ಪತಕ್ಕ ಮಾತಲ್ಲ.

ಒಂದು ಜಂತಿಯ ಲೆಕ್ಕವನ್ನೇ ನೋಡಬಹುದು. 8 ಅಡಿ ಉದ್ದದ, 4 ಇಂಚು ಚೌಕದ ಸಾಗವಾನಿ ಜಂತಿಯೆಂದರೆ ಒಂದು ಘನ ಅಡಿಗೆ ತುಸು ಕಡಿಮೆ. ತೂಕ ಸುಮಾರು 16 ಕಿಲೋ. ಉರುವಲಿನ ಲೆಕ್ಕದಲ್ಲಿ ಇಂತಹ 6 ಜಂತಿಗಳು ಕೂಡಿದರೆ ಒಂದು ಕ್ವಿಂಟಾಲ್. ಗೋಡೆಯೊಳಗೆ ಹುದುಗಿ ಗೆದ್ದಲು ಮುಟ್ಟಿದ ತುದಿಗಳನ್ನು ಆರಾರು ಇಂಚು ಕತ್ತರಿಸಿ ತೆಗೆದರೂ 7 ಅಡಿ ಗಟ್ಟಿ ಮರ ಉಳಿಯುತ್ತದೆ. ಅದನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಹತ್ತರಿ ಹೊಡೆದರೆ ಒಂದೂವರೆ ಇಂಚು ಚೌಕದ, 18 ಇಂಚು ಎತ್ತರದ 16 ಕಾಲುಗಳು, ಅರ್ಥಾತ್ ನಾಲ್ಕು ಸ್ಟೂಲುಗಳ ಕಾಲುಗಳು ದೊರೆಯುತ್ತವೆ. ಉಳಿದ ತುಂಡುಗಳು ಅಡ್ಡಪಟ್ಟಿಗಾಗುತ್ತವೆ. ಕೂರುವ ಹಲಗೆಗೆ ಮುರಿದ ಬಾಗಿಲು ಸಾಕು. ಒಂದು ಕ್ವಿಂಟಾಲ್ ಉರುವಲಿನ ಹಣವನ್ನೂ ನಾಲ್ಕು ಸಾಗವಾನಿ ಸ್ಟೂಲುಗಳ ಹಣವನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ವರ್ತಕರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ಹಾಗಿದ್ದರೆ ಈ ಕೆಲಸವೇಕೆ ನಡೆಯುತ್ತಿಲ್ಲ? ಬಡಿಗರ ಕೌಶಲದ ಕೊರತೆಯೆಂಬ ಉತ್ತರ ಸುಲಭ, ಆದರೆ ಸರಿಯಲ್ಲ. ಬಾಗಿಲುವಾಡದ ಮೇಲೆ ಬಳ್ಳಿ ಬಿಡಿಸುವವರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಇಲ್ಲದಿರುವುದು ಮಧ್ಯದಲ್ಲಿ ನಿಲ್ಲುವ ವ್ಯಾಪಾರಿ. ಮನೆ ಇಳಿಸುವವನಿಗೆ ಎರಡು ದಿನದಲ್ಲಿ ಜಾಗ ಖಾಲಿಯಾಗಬೇಕು. ಬಡಿಗನಿಗೆ ಗಿರಾಕಿ ಬಂದ ದಿನ ಬೇಕಾದ ಅಳತೆಯ ಮರ ಸಿಗಬೇಕು. ಇವೆರಡರ ನಡುವಿನ ಆರು ತಿಂಗಳು ಸರಕನ್ನು ಹಿಡಿದಿಡುವ ಬಂಡವಾಳವಾಗಲಿ ಜಾಗವಾಗಲಿ ಬಡಿಗನ ಬಳಿ ಇರುವುದಿಲ್ಲ. ಹತ್ತಿ, ತೊಗರಿಗಳಲ್ಲಿ ಈ ಕೆಲಸವನ್ನು ಅಡತಿ ಅಂಗಡಿಗಳು ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. ಎಳೆ ನೋಡಿ ಹತ್ತಿಯ ದರ್ಜೆ ಹೇಳುವ ಪೇಟೆಯಲ್ಲಿ ಸಾಗವಾನಿ, ಬೇವು, ಜಾಲಿ ಮೂರನ್ನೂ ಒಂದೇ ರಾಶಿಗೆ ಸುರಿದು ಕಟ್ಟಿಗೆಯೆಂದು ತೂಗುವುದು ವಿಚಿತ್ರವೇ ಸರಿ.

ಹೊರನಾಡಿನ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಅಮೆರಿಕದಲ್ಲಿ ಆಶ್ ಎಂಬ ಮರದಿಂದ ಸುತ್ತಿಗೆ, ಸಲಿಕೆಗಳ ಕಾವು, ಬೇಸ್‌ಬಾಲ್ ದಾಂಡುಗಳನ್ನು ಮಾಡುವುದು ಹಳೆಯ ವಾಡಿಕೆ. 2002ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಬಳಿ, ಏಷ್ಯಾ ಮೂಲದ ಹಸಿರು ಬಣ್ಣದ ಒಂದು ಜೀರುಂಡೆ ಪತ್ತೆಯಾಯಿತು. ನಂತರದ ವರ್ಷಗಳಲ್ಲಿ ಅದರ ಮರಿಹುಳು ಕೋಟ್ಯಂತರ ಆಶ್ ಮರಗಳನ್ನು ಕೊಂದಿತು. ನಗರಗಳು ಬೀದಿಬದಿಯ ಸತ್ತ ಮರಗಳನ್ನು ಸ್ವಂತ ಖರ್ಚಿನಲ್ಲಿ ಕಡಿಸಿ ಚೂರು ಮಾಡಿಸತೊಡಗಿದವು. ಆದರೆ ಹುಳು ತಿನ್ನುವುದು ತೊಗಟೆಯ ಕೆಳಗಿನ ಪದರವನ್ನು ಮಾತ್ರ. ಒಳಗಿನ ಮರ ಕೆಟ್ಟಿರುವುದಿಲ್ಲ. ಇದನ್ನರಿತ ಸಣ್ಣ ಗಿರಣಿಗಳು ಹಾಗೂ ವ್ಯಾಪಾರಿಗಳು ಆ ದಿಮ್ಮಿಗಳನ್ನು ಕೊಂಡು, ಸೀಳಿಸಿ, ಒಣಗಿಸಿ, ಮೇಜು ಹಾಗೂ ನೆಲಹಾಸುಗಳಿಗೆ ಒದಗಿಸಿದರು. ನಮ್ಮ ಜಂತಿಯ ಸ್ಥಿತಿಯೂ ಅದೇ: ಕೆಟ್ಟಿರುವುದು ತುದಿ, ಹೋಗುತ್ತಿರುವುದು ಇಡೀ ಮರ. ಅವರಿಗೆ ಒಣಗಿಸುವ ಖರ್ಚಿತ್ತು, ಇಲ್ಲಿ ಅದೂ ಇಲ್ಲ. ಹಸಿ ಮರದ ಬಾಗಿಲು ಯಾದಗಿರಿಯ ಮೇ ತಿಂಗಳ ಬಿಸಿಲಿಗೆ ಸೊಟ್ಟಗಾಗುತ್ತದೆ; ಅರವತ್ತು ಬೇಸಿಗೆ ಕಂಡ ಮರ ಇನ್ನು ಅಷ್ಟಾಗಿ ಅಲುಗುವುದಿಲ್ಲ.

ಏನು ಮಾಡಬಹುದು ಎಂಬುದಕ್ಕೆ ಮೊದಲ ಉತ್ತರ, ಬಾಗಿಲನ್ನು ಬಾಗಿಲಾಗಿಯೇ ಮಾರುವುದು. ಕೆತ್ತನೆಯ ಚೌಕಟ್ಟನ್ನು ಕತ್ತರಿಸಿ ಕನ್ನಡಿಗೆ ಅಂಚು ಮಾಡುವುದು ಹಾನಿಯ ವ್ಯಾಪಾರ. ಶುಚಿಗೊಳಿಸಿ ಹೊಸ ಮನೆಯ ತಲಬಾಗಿಲಿಗೆ ಕೊಟ್ಟರೆ ಶ್ರಮ ಕಡಿಮೆ, ಬೆಲೆ ಹೆಚ್ಚು. ಚಿಕ್ಕ ಹಲಗೆಗಳಿಗೆ ವ್ಯಾಸಪೀಠ ಅತ್ಯಂತ ತಕ್ಕ ವಸ್ತು. ಒಂದೇ ಹಲಗೆಯನ್ನು ಸೀಳಿ, ಮೊಳೆಯಿಲ್ಲದೆ ಬೆರಳುಗಳಂತೆ ಹೆಣೆದುಕೊಂಡು ಮಡಚುವ ಈ ಪೀಠ ಮಠದಲ್ಲಿ ಪುರಾಣದ ಹೊತ್ತಿಗೆಗೂ ಬೇಕು, ರೆಹಲ್ ಎಂಬ ಹೆಸರಿನಲ್ಲಿ ಕುರಾನ್ ಪಠಣಕ್ಕೂ ಬೇಕು. ಈ ಮೂರು ಪಟ್ಟಣಗಳಲ್ಲಿ ಎರಡೂ ಬಗೆಯ ಗಿರಾಕಿಗಳಿದ್ದಾರೆ. ಸುರಪುರ ಶೈಲಿಯ ಚಿತ್ರಗಳಿಗೆ ಪ್ಲಾಸ್ಟಿಕ್ ಚೌಕಟ್ಟಿನ ಬದಲು ಅದೇ ಊರಿನ ಹಳೆಯ ಸಾಗವಾನಿಯ ಚೌಕಟ್ಟು ಹಾಕಿದರೆ ಚಿತ್ರಕ್ಕೂ ಮರಕ್ಕೂ ಮರ್ಯಾದೆ. ದೇವರ ಮಂಟಪ, ಮಣೆ, ಶಾಲೆಯ ಮಕ್ಕಳ ಓದುವ ಮೇಜು ಇವೆಲ್ಲ ತಿಳಿದವೇ. ಜಾಲಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಆಶ್ ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಜಾಲಿ ಮಾಡುತ್ತದೆಯೆಂದು ಹಳೆಯ ಜಂತಿಯಿಂದ ಕೊಡಲಿ ಕಾವು ಮಾಡಬಾರದು. ಒಳಬಿರುಕು ಬಿಟ್ಟ ಮರ ಏಟಿಗೆ ಮುರಿದರೆ ಅಪಾಯ. ಕುರ್ಪಿ, ಉಳಿಗಳ ಹಿಡಿಗೆ ಅಡ್ಡಿಯಿಲ್ಲ.

ಹಳೆಯ ಬಾಗಿಲುಗಳ ಹಸಿರು, ನೀಲಿ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸದ ಪ್ರಮಾಣಕ್ಕೆ ಹತ್ತು ಲಕ್ಷಕ್ಕೆ 90 ಭಾಗವೆಂಬ ಮಿತಿ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಿಂದ. ಆದುದರಿಂದ ಬಣ್ಣ ಬಳಿದ ಮರವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸುವುದು ಸಲ್ಲದು. ಅಡುಗೆಮನೆಯ ಸಾಮಾನಿಗಂತೂ ಅದು ಬೇಡವೇ ಬೇಡ. ಕ್ರಿಯೊಸೋಟ್ ಉಣಿಸಿದ ರೈಲ್ವೆ ಸ್ಲೀಪರುಗಳಿಗೂ ಮನೆಯೊಳಗೆ ಸ್ಥಾನವಿಲ್ಲ. ಕಡೇಚೂರು ಕೈಗಾರಿಕಾ ಪ್ರದೇಶದಂತಹ ಕಡೆ ಯಂತ್ರಗಳೊಡನೆ ಬರುವ ವಿದೇಶೀ ಪೆಟ್ಟಿಗೆಗಳ ಮರವನ್ನು ಕೊಳ್ಳುವವರು ಅದರ ಮೇಲಿನ ಮುದ್ರೆ ಓದಬೇಕು: ‘ಎಚ್‌ಟಿ’ ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ್ದು, ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಅನಿಲದಿಂದ. ಎರಡನೆಯದನ್ನು ಬಿಡುವುದು ಲೇಸು.

ವರ್ತಕರು ಹಿಂಜರಿಯುವ ನಿಜವಾದ ಕಾರಣ ಕಾನೂನು. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅರಣ್ಯೋತ್ಪನ್ನದ ಒಡೆತನದ ಪ್ರಶ್ನೆ ಎದ್ದಾಗ, ಬೇರೆಯೆಂದು ರುಜುವಾತಾಗುವವರೆಗೆ ಅದು ಸರ್ಕಾರದ್ದೆಂಬ ಭಾವನೆಯಿಂದಲೇ ವಿಚಾರಣೆ ಆರಂಭವಾಗುತ್ತದೆ. ರಸೀದಿಯಿಲ್ಲದ ಸಾಗವಾನಿ ತೊಲೆ ನೂರು ವರ್ಷ ಮನೆ ಹೊತ್ತಿದ್ದರೂ ತನಿಖೆಗೆ ನಿಂತ ಲಾರಿಯಲ್ಲಿ ಅನುಮಾನದ ವಸ್ತು. ಉರುವಲಾಗಿ ತುಂಡರಿಸಿದರೆ ತಂಟೆಯಿಲ್ಲವೆಂಬ ಭಾವನೆ ಹುಟ್ಟಿದುದೇ ಇಲ್ಲಿ. ಪರಿಹಾರ ದಾಖಲೆಯಲ್ಲಿದೆ: ಇಳಿಸುವ ಮುನ್ನ ತೆಗೆದ ಮನೆಯ ಚಿತ್ರ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಮನೆ ಸಂಖ್ಯೆ, ಮಾರಿದವರ ಸಹಿಯ ರಸೀದಿ, ತುಂಡುಗಳ ಅಳತೆಯ ಪಟ್ಟಿ. ಸಾಗಣೆಗೆ ಮುಂಚೆ ವಲಯ ಅರಣ್ಯಾಧಿಕಾರಿಗಳನ್ನು ಕಂಡು ರಹದಾರಿಯ ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ಸೀಳಿಸುವುದನ್ನು ಪರವಾನಗಿಯುಳ್ಳ ಗಿರಣಿಯಲ್ಲಿಯೇ ಮಾಡಿಸಬೇಕು. ಎಲ್ಲ ವರ್ತಕರಿಗೂ ಒಂದೇ ನಮೂನೆಯ ಖರೀದಿ ಪತ್ರವನ್ನು ವಾಣಿಜ್ಯ ಸಂಸ್ಥೆಯೇ ಅಚ್ಚು ಹಾಕಿಸಿಕೊಟ್ಟರೆ ಅರ್ಧ ಭಯ ಕಳೆಯುತ್ತದೆ. ಇನ್ನೊಂದು ಕಾಯ್ದೆಯನ್ನೂ ಮರೆಯಬಾರದು. 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಖ್ಯೆಯಲ್ಲಿ, 100 ವರ್ಷಕ್ಕೆ ಕಡಿಮೆಯಿಲ್ಲದ, ಕಟ್ಟಡದಿಂದ ಬಿಡಿಸಿದ ವಸ್ತುಗಳೂ ಸೇರುತ್ತವೆ. ಅಂತಹವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು; ಖಾಸಗಿಯಾಗಿ ವಿದೇಶಕ್ಕೆ ಕಳಿಸುವಂತಿಲ್ಲ.

ಮರಕ್ಕೆ ಬೆಲೆ ಬಂದರೆ ಗಟ್ಟಿ ಮನೆಗಳನ್ನೂ ಜನ ಕೆಡವಿಯಾರು ಎಂಬ ಆಕ್ಷೇಪ ತೂಕವುಳ್ಳದ್ದು. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿಯಾರರ ಮಹಲುಗಳಿಂದ ಬಂದ ಬರ್ಮಾ ತೇಗದ ಕಂಬ, ಬಾಗಿಲುಗಳನ್ನು ಮಾರುವ ಬೀದಿಯೇ ಇದೆ. ವ್ಯಾಪಾರ ಬೆಳೆದಂತೆ ಮಹಲುಗಳು ಬಿಡಿಬಿಡಿಯಾಗಿ ಕರಗಿದವು. ಸರಕು ದೂರದ ನಗರಗಳ ಪಾಲಾಯಿತು. ಆದ್ದರಿಂದ ನಿಂತಿರುವ ಮನೆಯ ಒಂಟಿ ಕಂಬವನ್ನು ಕೊಳ್ಳುವುದಿಲ್ಲ, ಇಳಿಸಲು ನಿಶ್ಚಯಿಸಿದ ಮನೆಯ ಮರವನ್ನಷ್ಟೇ ಕೊಳ್ಳುತ್ತೇವೆ ಎಂಬ ಕಟ್ಟುಪಾಡನ್ನು ವರ್ತಕರು ಮೊದಲೇ ಹಾಕಿಕೊಳ್ಳುವುದು ಯುಕ್ತ. ಕಟ್ಟುಪಾಡು ಎಲ್ಲರೂ ಪಾಲಿಸಿಯಾರೆಂಬ ಭರವಸೆಯಿಲ್ಲ. ಆದರೂ ಖರೀದಿ ಪತ್ರದಲ್ಲಿ ಮನೆಯ ಚಿತ್ರವಿರಬೇಕೆಂಬ ನಿಯಮ ಅಲ್ಲಿಯೂ ನೆರವಿಗೆ ಬರುತ್ತದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ಉಪಕರಣಗಳಿಗೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿ ಸಾಲ ಅದರಲ್ಲಿದೆ. ಬಡಿಗನ ಕೈಗೆ ಉಪಕರಣ ಬಂತು. ಮರದ ದಾಸ್ತಾನು ವರ್ತಕರ ಪಾಲಿನ ಕೆಲಸ. ಬೇಕಾದುದು ಪಟ್ಟಣಕ್ಕೊಂದು ತಗಡಿನ ಶೆಡ್ಡು, ನೆಲದಿಂದ ಒಂದಡಿ ಎತ್ತರದ ಕಲ್ಲಿನ ಅಟ್ಟಣೆ, ಮೊಳೆ ಹುಡುಕಲು ಒಂದು ಕೈ ಲೋಹಶೋಧಕ, ಒಂದು ಅಳತೆಯ ಪುಸ್ತಕ. ಮನೆ ಇಳಿಸುವವರು ಮಳೆಗಾಲದ ಮುಂಚೆಯೇ ಕೆಲಸ ಮುಗಿಸಲು ನೋಡುತ್ತಾರೆ. ಆದ್ದರಿಂದ ಶೆಡ್ಡು ಯುಗಾದಿಯ ಒಳಗೆ ಸಿದ್ಧವಿರಬೇಕು.