ಚಿನ್ನಕ್ಕೆ ಲೆಕ್ಕವಿದೆ, ಹಮಾಲರಿಗೆ ಹೆಸರಿಲ್ಲ

1944ರ ಏಪ್ರಿಲ್ 14ರಂದು ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿನಲ್ಲಿ ಏನೇನಿತ್ತು ಎಂಬುದಕ್ಕೆ ಪಕ್ಕಾ ಲೆಕ್ಕವಿದೆ. ಸುಮಾರು 1,400 ಟನ್ ಸ್ಫೋಟಕ. ಕರಾಚಿಯಲ್ಲಿ ತುಂಬಿಕೊಂಡ 8,700 ಹತ್ತಿ ಬೇಲು. ಎಣ್ಣೆ, ಮರ, ಗುಜರಿ ಕಬ್ಬಿಣ, ಮೀನುಗೊಬ್ಬರ. ಇವೆಲ್ಲದರ ಜೊತೆಗೆ 31 ಪೆಟ್ಟಿಗೆ ಚಿನ್ನ. ಪೆಟ್ಟಿಗೆಗೆ ನಾಲ್ಕು ಗಟ್ಟಿ, ಗಟ್ಟಿಯೊಂದಕ್ಕೆ 12.7 ಕಿಲೋ ತೂಕ.

ಮಧ್ಯಾಹ್ನ ಎರಡರ ಸುಮಾರಿಗೆ ಹಡಗಿನ ಒಡಲಲ್ಲಿ ಹೊಗೆ ಕಾಣಿಸಿತು. ನಾಲ್ಕು ಗಂಟೆ ಆರು ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ದೂರದ ಶಿಮ್ಲಾದಲ್ಲಿದ್ದ ಭೂಕಂಪಮಾಪಕಕ್ಕೂ ಅದರ ನಡುಕ ಮುಟ್ಟಿತು. ಉರಿಯುವ ಹತ್ತಿ ಬೇಲುಗಳು ಬಂದರಿನ ಆಚೆಗಿನ ಬೀದಿಗಳ ಮೇಲೆ ಬಿದ್ದವು. ಒಂದು ಮೈಲಿ ಆಚೆ ಪಾರ್ಸಿ ಗೃಹಸ್ಥರೊಬ್ಬರ ಮನೆಯ ಛಾವಣಿ ಸೀಳಿಕೊಂಡು ಚಿನ್ನದ ಗಟ್ಟಿಯೊಂದು ಬಿತ್ತು. ಅವರು ಅದನ್ನು ಪ್ರಾಮಾಣಿಕವಾಗಿ ಸರಕಾರಕ್ಕೆ ಒಪ್ಪಿಸಿದರು. ಅವರ ಹೆಸರು, ಅವರಿಗೆ ಸಿಕ್ಕ ಬಹುಮಾನ ಎಲ್ಲವೂ ಈ ದುರಂತದ ಬಗ್ಗೆ ಬರೆಯುವವರಿಗೆ ಬಾಯಿಪಾಠ.

ಸತ್ತವರು ಎಷ್ಟು? ಎಂಟು ನೂರರಿಂದ ಸಾವಿರದ ಮುನ್ನೂರು ಎನ್ನುತ್ತಾರೆ. ಈ ಎರಡು ಅಂಕಿಗಳ ನಡುವೆ ಐನೂರು ಜನ ಇದ್ದಾರೆ. ಐನೂರು ಮನೆ, ಐನೂರು ತಾಯಂದಿರು. ಚಿನ್ನದ ಲೆಕ್ಕವನ್ನು ಯಾರಾದರೂ ಹೀಗೆ "ಎಂಬತ್ತರಿಂದ ನೂರಮೂವತ್ತು ಗಟ್ಟಿ" ಎಂದು ಬರೆದಿದ್ದರೆ ಆ ಗುಮಾಸ್ತನ ಕೆಲಸ ಅವತ್ತೇ ಹೋಗುತ್ತಿತ್ತು.

ಸಾಮಾನ್ಯರ ಸಾವು ಮರೆತುಹೋಯಿತು ಎಂದು ವಿಷಾದಪಡುವುದು ಸುಲಭ. ಆದರೆ ಮರೆವು ತಾನಾಗಿ ಆಗುವಂಥದ್ದಲ್ಲ. ಯಾರ ಹೆಸರನ್ನು ಬರೆದಿಡಬೇಕು, ಯಾರನ್ನು ಬರೀ ಎಣಿಸಿದರೆ ಸಾಕು ಎಂಬುದು ಸಾವಿಗೆ ಮೊದಲೇ ತೀರ್ಮಾನವಾಗಿರುತ್ತದೆ. ಮುಂಬೈ ಬಂದರಿನಲ್ಲಿ ಆದದ್ದೂ ಅದೇ.

ಅವತ್ತು ಬೆಂಕಿ ನಂದಿಸಲು ಹೋದವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರಿಗೆ ಬೈಕಳದ ಅಗ್ನಿಶಾಮಕ ಕೇಂದ್ರ ಕಚೇರಿಯಲ್ಲಿ ಸ್ಮಾರಕವಿದೆ. ಅವರ ನೆನಪಿಗೆ ದೇಶವೆಲ್ಲ ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ ಆಚರಿಸುತ್ತದೆ. ಅದು ಸರಿಯಾದದ್ದೇ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಅವರ ಸಂಖ್ಯೆ 60ರಿಂದ 70 ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ಅವರು ಹಾಜರಿ ಪುಸ್ತಕದಲ್ಲಿದ್ದರು. ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಕಲ್ಲಿನ ಮೇಲೆಯೂ ಹೆಸರು ಸಿಕ್ಕಿತು.

ಹಡಗಿನ ಸರಕು ಹೊರುವ ಹಮಾಲನಿಗೆ ಅಂಥ ಪುಸ್ತಕವಿರಲಿಲ್ಲ. ಆ ಕಾಲದ ಬಂದರಿನಲ್ಲಿ ಕೆಲಸ ಸಿಗುತ್ತಿದ್ದದ್ದು ಟೋಳಿವಾಲಾ, ಮುಕಾದಮರ ಮೂಲಕ. ಬೆಳಿಗ್ಗೆ ಗೇಟಿನ ಬಳಿ ನಿಂತವರಲ್ಲಿ ಇವನು, ಅವನು ಎಂದು ಬೆರಳು ತೋರಿಸಿದರೆ ಅವತ್ತಿನ ಕೂಲಿ. ಸ್ಟೀವಿಡೋರ್ ಕಂಪನಿಗೆ ಬೇಕಾಗಿದ್ದದ್ದು ತಲೆ ಎಣಿಕೆ. ಹೆಸರು ಇದ್ದರೆ ಅದು ಮುಕಾದಮನ ನೆನಪಿನಲ್ಲಿ. ಅವನೂ ಅದೇ ಹಡಗಿನ ಪಕ್ಕ ನಿಂತಿದ್ದರೆ? ಬಂದರು ಕಾರ್ಮಿಕರ ಉದ್ಯೋಗಕ್ಕೆ ಒಂದು ಕಟ್ಟುಪಾಡು ತರುವ ಕಾನೂನು ಬಂದದ್ದು 1948ರಲ್ಲಿ, ಸ್ಫೋಟವಾಗಿ ನಾಲ್ಕು ವರ್ಷವಾದ ಮೇಲೆ.

ಯುದ್ಧಕಾಲದ ಸೆನ್ಸಾರ್ ಇದಕ್ಕೆ ಇನ್ನೊಂದು ಪರದೆ ಎಳೆಯಿತು. ನಗರದ ಅರ್ಧ ಆಕಾಶ ಕಪ್ಪಾಗಿದ್ದರೂ ವರದಿಗಾರರಿಗೆ ಸುದ್ದಿ ಹೊರಗೆ ಕಳಿಸಲು ಅನುಮತಿ ಸಿಕ್ಕಿದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಶವಗಳ ವಿಲೇವಾರಿ ಮುಗಿದಿತ್ತು. ಆಸ್ತಿ ಕಳೆದುಕೊಂಡು ಅರ್ಜಿ ಹಾಕಿದವರಿಗೆ ಸರಕಾರ ಪರಿಹಾರ ಕೊಟ್ಟಿತು. ಅರ್ಜಿ ಹಾಕಲು ಆಸ್ತಿ ಇರಬೇಕು, ವಿಳಾಸ ಇರಬೇಕು, ಬರೆಯಲು ಬರಬೇಕು. ಊರಿನಲ್ಲಿ ಮನಿಯಾರ್ಡರಿಗೆ ಕಾದು ಕುಳಿತ ಹೆಂಡತಿಗೆ ಈ ಮೂರರಲ್ಲಿ ಎಷ್ಟು ಇದ್ದೀತು?

ಇದು ಒಂದು ಬಂದರಿನ, ಒಂದು ದಿನದ ಕಥೆಯಾಗಿದ್ದರೆ ಬಿಡಬಹುದಿತ್ತು. ಯುದ್ಧದಲ್ಲಿ ಸತ್ತ ಭಾರತೀಯರನ್ನು ಬರೀ ಎಣಿಸಿ ಮುಗಿಸುವ ಅಭ್ಯಾಸ ಅದಕ್ಕೂ ಹಳೆಯದು. ಪುಣೆಯ ಓದುಗರು ಸಾತಾರ, ರತ್ನಾಗಿರಿ ಕಡೆಯ ಹಳ್ಳಿಗಳಲ್ಲಿ ಗೋಡೆಗೆ ಕೂರಿಸಿದ ಪುಟ್ಟ ಇಂಗ್ಲಿಷ್ ಶಾಸನಗಳನ್ನು ನೋಡಿರಬಹುದು. ಎಲ್ಲ ಒಂದೇ ಅಚ್ಚು. ಈ ಹಳ್ಳಿಯಿಂದ ಇಷ್ಟು ಮಂದಿ 1914-1919ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಅರ್ಪಿಸಿದರು. ಅಂಕಿ ಬಿಟ್ಟರೆ ಬೇರೇನೂ ಬದಲಾಗುವುದಿಲ್ಲ.

ಈ ವಾಕ್ಯವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಅದರ ಕರ್ತೃಪದ ಒಂದು ಸಂಖ್ಯೆ. ಕ್ರಿಯಾಪದ "ಹೋದರು". ಕಳಿಸಿದವರು ವಾಕ್ಯದಲ್ಲೇ ಇಲ್ಲ. ಎಲ್ಲಿ ಸತ್ತರು, ಯಾರ ಗುಂಡಿಗೆ, ಯಾವ ಜ್ವರಕ್ಕೆ ಎಂಬುದೂ ಇಲ್ಲ. ಇನ್ನು "ಪ್ರಾಣ ಅರ್ಪಿಸಿದರು". ಅರ್ಪಿಸುವುದು ಮನಸ್ಸಿಟ್ಟು ಕೊಡುವುದು. ಸಾಲ ತೀರಿಸಲು ಸಿಪಾಯಿಯಾಗಿ ಸೇರಿದವನ ಪ್ರಾಣ ಹೋಯಿತು ಎನ್ನಬೇಕಾದ ಕಡೆ ಅವನೇ ಅದನ್ನು ಕೊಟ್ಟ ಎಂದು ಬರೆದರೆ, ತೆಗೆದುಕೊಂಡವರು ಯಾರು ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ಆ ಕಲ್ಲನ್ನು ಊರಿನ ಹೆಚ್ಚಿನವರಿಗೆ ಓದಲು ಬಾರದ ಭಾಷೆಯಲ್ಲಿ ಕೆತ್ತಿದ್ದೂ ಅಷ್ಟೇ ಅರ್ಥಪೂರ್ಣ.

ಇರಾಕಿನ ಬಸ್ರಾ ಸ್ಮಾರಕದಲ್ಲಿ ಇದೇ ವ್ಯಾಕರಣ ದೊಡ್ಡದಾಗಿ ಕಾಣುತ್ತದೆ. ಬ್ರಿಟಿಷ್ ಸೈನಿಕರಿಗೆ ಅಲ್ಲಿ ಹೆಸರು. ಭಾರತೀಯ ಅಧಿಕಾರಿಗಳಿಗೂ ಹೆಸರು. ಭಾರತೀಯ ಸಿಪಾಯಿಗಳಿಗೆ ಮಾತ್ರ ರೆಜಿಮೆಂಟಿಗೆ ಇಷ್ಟು ಎಂಬ ಅಂಕಿ. ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗವೇ 2021ರಲ್ಲಿ ತನ್ನ ವರದಿಯಲ್ಲಿ ತಪ್ಪೊಪ್ಪಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಸತ್ತ ಆಫ್ರಿಕಾ, ಏಷ್ಯಾ ಮೂಲದವರಲ್ಲಿ ಕನಿಷ್ಠ 1,16,000 ಮಂದಿ, ಪ್ರಾಯಶಃ 3,50,000 ಮಂದಿಯವರೆಗೆ, ಹೆಸರಿನಿಂದ ಸ್ಮರಣೆಗೆ ಬಂದಿಲ್ಲ ಅಥವಾ ಸ್ಮರಣೆಗೇ ಬಂದಿಲ್ಲ. ಮತ್ತೆ ಅದೇ "ಇಷ್ಟರಿಂದ ಅಷ್ಟು".

ಚೆನ್ನೈನಲ್ಲಿ ಇದರ ಇನ್ನೊಂದು ರೂಪವಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನ್ ಹಡಗು ಎಂಡೆನ್ ಮದರಾಸಿನ ಮೇಲೆ ಗುಂಡಿನ ಮಳೆಗರೆಯಿತು. ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು, ಜನ ಸತ್ತರು. ಗುಂಡು ಬಿದ್ದದ್ದಕ್ಕೆ ಹೈಕೋರ್ಟಿನ ಗೋಡೆಯಲ್ಲಿ ಫಲಕವಿದೆ. ಹಡಗಿನ ಹೆಸರು ತಮಿಳಿಗೆ ಒಂದು ಪದವಾಗಿಯೇ ಸೇರಿಹೋಯಿತು. ಚಾಲಾಕಿ, ಗಟ್ಟಿ ಆಸಾಮಿಯನ್ನು ಅಲ್ಲಿ ಇಂದಿಗೂ ಎಂಡೆನ್ ಎನ್ನುತ್ತಾರೆ. ಕೊಂದ ಹಡಗಿಗೆ ನುಡಿಕೋಶದಲ್ಲಿ ಜಾಗ ಸಿಕ್ಕಿತು. ಸತ್ತವರ ಹೆಸರನ್ನು ಹೇಳಬಲ್ಲ ಚೆನ್ನೈ ನಿವಾಸಿಯನ್ನು ಹುಡುಕುವುದು ಕಷ್ಟ.

ಕನ್ನಡಿಗರು ಇದನ್ನೆಲ್ಲ ಸಹಜವೆಂದು ಒಪ್ಪಿಕೊಂಡದ್ದು ಆಶ್ಚರ್ಯ. ಏಕೆಂದರೆ ಯುದ್ಧದಲ್ಲಿ ಸತ್ತವನನ್ನು ನೆನೆಯಲು ಈ ಭಾಷೆಯಲ್ಲಿ ಬೇರೆಯೇ ಒಂದು ವಾಕ್ಯರಚನೆ ಇತ್ತು, ಅದೂ ಸಾವಿರ ವರ್ಷಕ್ಕೂ ಹಿಂದೆ. ವೀರಗಲ್ಲಿನಲ್ಲಿ ಬರವಣಿಗೆ ಇದ್ದರೆ ಅದು ಪೂರ್ತಿ ವಾಕ್ಯ. ಇಂಥವನ ಮಗ ಇಂಥವನು, ಇಂಥ ಊರಿನ ತುರು ಹಿಡಿದಾಗ, ಇಂಥವರೊಡನೆ ಕಾದಿ ಸತ್ತ, ಅವನಿಗೆ ಇಂಥವನು ಕಲ್ಲು ನಿಲ್ಲಿಸಿದ. ಹಲವು ಕಡೆ ಕೊನೆಗೆ ಇನ್ನೊಂದು ಮಾತು: ಸತ್ತವನ ಮನೆಯವರಿಗೆ ಇಷ್ಟು ಗದ್ದೆ ಕೊಟ್ಟರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಆ ಕಾಲದಲ್ಲಿ ಹೊಗಳಿಕೆಯ ಬೆನ್ನಿಗೆ ಮನೆಯವರ ಅನ್ನದ ದಾರಿಯೂ ಬರಬೇಕಿತ್ತು.

ಬೆಂಗಳೂರು ಎಂಬ ಹೆಸರು ಮೊದಲು ಸಿಗುವುದೇ ಬೇಗೂರಿನ ಇಂಥ ಒಂದು ಕಲ್ಲಿನಲ್ಲಿ. ಸುಮಾರು ಕ್ರಿ.ಶ. 890ರಲ್ಲಿ ಬೆಂಗಳೂರಿನ ಕಾಳಗದಲ್ಲಿ ಸತ್ತವರ ನೆನಪಿಗೆ ಅದನ್ನು ನಿಲ್ಲಿಸಿದರು. ಇಂದು ಕೋಟಿಗೂ ಮೀರಿದ ಜನರಿರುವ ನಗರದ ಹೆಸರಿನ ಹಳಮೆ ಗೊತ್ತಾಗಿದ್ದು ರಾಜನ ಬಿರುದಿನಿಂದ ಅಲ್ಲ, ಒಬ್ಬ ಅಧಿಕಾರಿಯ ಮನೆಯವರ ಸಾವಿನ ಸುದ್ದಿಯಿಂದ.

ಇದಕ್ಕಿಂತ ದೊಡ್ಡ ಸಾಕ್ಷಿ ಮಂಡ್ಯ ಜಿಲ್ಲೆಯ ಆತಕೂರಿನದು. ಕ್ರಿ.ಶ. 949-50ರ ಆ ಶಾಸನದಲ್ಲಿ ಅರಕ್ಕೋಣಂ ಬಳಿಯ ತಕ್ಕೋಲದ ಮಹಾಯುದ್ಧವಿದೆ. ರಾಷ್ಟ್ರಕೂಟ ಕೃಷ್ಣ, ಗಂಗ ಬೂತುಗ, ಸತ್ತ ಚೋಳ ರಾಜಾದಿತ್ಯ ಎಲ್ಲರೂ ಇದ್ದಾರೆ. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಏನು ಬೇಕು ಎಂದು ಬೂತುಗ ಕೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಂದರ ಮೇಲೆ ಬಿದ್ದು ಕಾದಿ, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಗೊರವನಿಗೆ ಪಾಪ ಎಂದು ಬರೆಸಿದ. ಕಲ್ಲು ಇಂದಿಗೂ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹತ್ತನೆಯ ಶತಮಾನದಲ್ಲಿ ಒಂದು ನಾಯಿಗೆ ಸಿಕ್ಕ ಮರ್ಯಾದೆ, ಇಪ್ಪತ್ತನೆಯ ಶತಮಾನದ ಮುಂಬೈನಲ್ಲಿ ಒಬ್ಬ ಹಮಾಲನಿಗೆ ಸಿಗಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ವೀರಗಲ್ಲುಗಳೂ ಎಲ್ಲರಿಗೂ ಇರಲಿಲ್ಲವಲ್ಲ? ನಿಜ. ಎಷ್ಟೋ ಕಲ್ಲುಗಳಲ್ಲಿ ಅಕ್ಷರವೇ ಇಲ್ಲ. ಕಲ್ಲು ಸಿಗಲು ವೀರನೆನಿಸಿಕೊಳ್ಳಬೇಕಿತ್ತು, ಸೂರೆಯಲ್ಲಿ ಸುಮ್ಮನೆ ಸತ್ತವಳಿಗೆ ಅದು ಸಿಗುತ್ತಿರಲಿಲ್ಲ. ಹಿಂದೆ ಎಲ್ಲವೂ ಚೆನ್ನಾಗಿತ್ತು ಎಂದು ಸಾಧಿಸುವ ಅಗತ್ಯವಿಲ್ಲ. ಆ ಕಲ್ಲುಗಳಿಂದ ಎತ್ತಿಕೊಳ್ಳಬೇಕಾದದ್ದು ವಾಕ್ಯವನ್ನು: ಯಾರು, ಯಾವ ಊರು, ಹೇಗೆ ಸತ್ತ, ನೆನೆದವರು ಯಾರು. ವೀರ ಎಂಬ ಷರತ್ತನ್ನು ಕೈಬಿಡಬಹುದು.

ಇನ್ನೊಂದು ಆಕ್ಷೇಪ: ಬ್ರಿಟಿಷರ ಯುದ್ಧದಲ್ಲಿ, ಬ್ರಿಟಿಷರ ಹಡಗಿನ ಪಕ್ಕ ಸತ್ತವರು ಹುತಾತ್ಮರೇ? ಅಲ್ಲ, ಆಗಬೇಕಾಗಿಯೂ ಇಲ್ಲ. ಹುತಾತ್ಮ ಎಂಬ ಪದ ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಕೂಲಿಗೆ ಹೋದವನು ಯಾವ ತತ್ವಕ್ಕಾಗಿಯೂ ಸಾಯಲಿಲ್ಲ. ಸಂಜೆ ಖೋಲಿಗೆ ಮರಳಿ ಅನ್ನ ಬೇಯಿಸಿಕೊಳ್ಳಬೇಕೆಂದಿದ್ದ, ಅಷ್ಟೇ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಗ್ರಾನೈಟಿನಲ್ಲಿ ಕೆತ್ತಿದ್ದಾರೆ. ಅಷ್ಟು ಹೆಸರುಗಳಿಗೆ ಜಾಗ ಮಾಡಲು ಸಾಧ್ಯವೆಂದು ಅದೇ ತೋರಿಸಿಕೊಟ್ಟಿದೆ. ಸಮವಸ್ತ್ರವಿಲ್ಲದೆ ಸತ್ತವರಿಗೆ ಅಂಥ ಗೋಡೆ ಏಕಿಲ್ಲ ಎಂದು ಕೇಳಿದರೆ ಸೈನಿಕರಿಗೆ ಅವಮಾನವಾಗುವುದಿಲ್ಲ.

ಹಾಗೆಂದು ಸರಕಾರ ದೊಡ್ಡ ಸ್ಮಾರಕ ಕಟ್ಟಲಿ ಎಂದು ಮನವಿಪತ್ರ ಬರೆದು ಕೈತೊಳೆದುಕೊಂಡರೆ ಆಗದು. ಸರಕಾರದ ಬಳಿ ಇರುವುದು ಸಂಖ್ಯೆ. ಹೆಸರು ಉಳಿದಿದ್ದರೆ ಅದು ಮನೆಗಳ ಟ್ರಂಕಿನಲ್ಲಿ, ಅಜ್ಜಿಯರ ಬಾಯಲ್ಲಿ. ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗಳಿಗೆ ಬ್ರಿಟಿಷ್ ಸರಕಾರ ಅಂಗೈ ಮೀರುವ ಅಗಲದ ಕಂಚಿನ ಬಿಲ್ಲೆಯೊಂದನ್ನು ಕಳಿಸಿತ್ತು, ಅದರ ಮೇಲೆ ಹುದ್ದೆಯಿಲ್ಲದೆ ಬರೀ ಹೆಸರು. ಇಂದು ಅವು ಹಳೇ ಸಾಮಾನಿನ ವ್ಯಾಪಾರದಲ್ಲಿ ಕೈ ಬದಲಾಯಿಸುತ್ತಿವೆ. ಸತ್ತವನ ಬಗ್ಗೆ ಉಳಿದ ಒಂದೇ ಬರಹ ಅದಾಗಿದ್ದರೂ ಅದಕ್ಕೆ ಲೋಹದ ಬೆಲೆ, ಸಂಗ್ರಾಹಕನ ಬೆಲೆ ಮಾತ್ರ.

ಮುಂಬೈ ಕನ್ನಡಿಗರಿಗೆ ಈ ಮಾತು ಹತ್ತಿರದ್ದು. ಮಂಗಳೂರಿನ ಕಡೆಯಿಂದ ಕರಾವಳಿ ಹಡಗು ಹತ್ತಿ ಇದೇ ಬಂದರಿನ ನಗರದಲ್ಲಿ ಇಳಿದು ಹೋಟೆಲು, ಕ್ಯಾಂಟೀನು, ಗೋದಾಮುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ತಲೆಮಾರಿನ ಮೊಮ್ಮಕ್ಕಳು ಇಂದು ಸಂಘಗಳನ್ನು ನಡೆಸುತ್ತಿದ್ದಾರೆ. ಆ ಸಂಘಗಳ ಸಭಾಭವನದ ಬಾಗಿಲಲ್ಲೇ ಗ್ರಾನೈಟಿನಲ್ಲಿ ದಾನಿಗಳ ಪಟ್ಟಿ, ಹೆಸರಿನ ಮುಂದೆ ಮೊತ್ತ. ಬೆಳ್ಳಿಹಬ್ಬಕ್ಕೆ ಸ್ಮರಣ ಸಂಚಿಕೆ ಬರುತ್ತದೆ, ಅದರ ತುಂಬ ಬದುಕಿರುವ ಅಧ್ಯಕ್ಷರ ಬಣ್ಣದ ಫೋಟೋ. ಸ್ಮರಣೆ ಎಂಬ ಪದ ಇಷ್ಟು ಅಗ್ಗವಾದ ಕಡೆ, ಮನಿಯಾರ್ಡರ್ ನಿಂತದ್ದರಿಂದಲೇ ಮಗನ ಸಾವನ್ನು ಊಹಿಸಿಕೊಂಡ ಮನೆಗಳ ನೆನಪು ಹೇಗೆ ಬಂದೀತು?

ಅದಕ್ಕೆ ಕೋಟಿಗಟ್ಟಲೆ ಹಣ ಬೇಡ. ಮುಂದಿನ ಸ್ಮರಣ ಸಂಚಿಕೆಯಲ್ಲಿ ಹತ್ತು ಪುಟ ಬಿಡಲಿ. ಸದಸ್ಯರ ಮನೆಗಳಲ್ಲಿ ಎಂಬತ್ತು ದಾಟಿದವರ ಎದುರು ಕುಳಿತು, ಆ ವರ್ಷಗಳಲ್ಲಿ ಹೋಗಿ ಮರಳದವರು ಯಾರು ಎಂದು ಕೇಳಿ ಬರೆದುಕೊಳ್ಳಲಿ. ಮುಂಬೈನಲ್ಲಿರಲಿ, ಬರ್ಮಾದಿಂದ ನಡೆದು ಬರುವ ದಾರಿಯಲ್ಲಿರಲಿ, ಸಮುದ್ರದಲ್ಲಿರಲಿ. ಹಳೆಯ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು ಬರೆದಿಡಲಿ. ಹಾಗೆ ಬರೆಯದಿದ್ದರೆ ಇನ್ನೊಂದು ತಲೆಮಾರಿಗೆ ಆ ಮುಖ ಯಾರದ್ದೂ ಆಗಬಹುದು. ಏಪ್ರಿಲ್ 14ರ ಸಂಜೆ ನಾಲ್ಕಕ್ಕೆ ಯಾವುದಾದರೂ ಒಂದು ಸಂಘದ ಹಾಲಿನಲ್ಲಿ ಸಿಕ್ಕಷ್ಟು ಹೆಸರುಗಳನ್ನು ಗಟ್ಟಿಯಾಗಿ ಓದಲಿ. ಮೂರೇ ಸಿಕ್ಕರೆ ಮೂರೇ ಓದಲಿ. ಮರಾಠಿ, ಗುಜರಾತಿ, ತೆಲುಗು ಮನೆಗಳವರನ್ನೂ ಕರೆಯಲಿ. ಬಂದರಿನಲ್ಲಿ ಸತ್ತವರನ್ನು ಭಾಷೆಯ ಪ್ರಕಾರ ವಿಂಗಡಿಸುವುದು ಬೇಡ.

ಮುಂಬೈ ಬಂದರಿನಲ್ಲಿ ಹೂಳೆತ್ತುವಾಗ ಸ್ಫೋಟವಾಗಿ ದಶಕಗಳ ನಂತರವೂ ಚಿನ್ನದ ಗಟ್ಟಿಗಳು ಸಿಕ್ಕಿವೆ. ಚಿನ್ನ ಎಷ್ಟು ಕಾಲವಾದರೂ ಕೆಸರಿನಲ್ಲಿ ಕಾಯುತ್ತದೆ. ಅಂದು ಹತ್ತು ವರ್ಷದವಳಾಗಿದ್ದು ಅಣ್ಣನಿಗಾಗಿ ಬಾಗಿಲಲ್ಲಿ ಕಾದಿದ್ದ ಹುಡುಗಿ ಈಗ ಎಲ್ಲಾದರೂ ಇದ್ದರೆ ಅವಳಿಗೆ ತೊಂಬತ್ತು ದಾಟಿದೆ. ಅವಳನ್ನು ಕೇಳಬೇಕಾದದ್ದು ಈ ವರ್ಷ.