ಮಗ್ಗದ ಮುಂದೆ ಯಾವ ಕ್ಯಾಮೆರಾ?

ಹಳೆಯ ಫಿಲ್ಮ್ ಕ್ಯಾಮೆರಾಗಳ ಮಾತು ಬಂದಾಗಲೆಲ್ಲ ಕೊನೆಗೆ ಯಾರಾದರೊಬ್ಬರು ‘ಅವರವರ ಇಷ್ಟ ಬಿಡ್ರಿ’ ಎಂದು ಚರ್ಚೆಗೆ ತೆರೆ ಎಳೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಬ್ಬರಿಗೆ ಪುಂಡಿಪಲ್ಯ, ಇನ್ನೊಬ್ಬರಿಗೆ ಎಣಗಾಯಿ ಸೇರುವುದಕ್ಕೆ ಕಾರಣ ಕೇಳಬೇಕಿಲ್ಲ. ಕ್ಯಾಮೆರಾ ಹಾಗಲ್ಲ, ಅದು ಕೆಲಸದ ಸಾಮಾನು. ಅದರ ಎದುರು ಒಬ್ಬ ಮನುಷ್ಯ ಇರುತ್ತಾನೆ, ಇಲ್ಲವೇ ಒಂದು ಕಟ್ಟಡ ಇರುತ್ತದೆ, ಇಂತಿಷ್ಟೇ ಬೆಳಕು ಇರುತ್ತದೆ. ಆ ಎದುರಿನದಕ್ಕೆ ಹೊಂದುತ್ತದೋ ಇಲ್ಲವೋ ಎಂದು ನೋಡಬಹುದಾದ್ದರಿಂದ ಈ ಇಷ್ಟದ ಬಗ್ಗೆ ವಾದ ಮಾಡಲು ಬರುತ್ತದೆ. ಮಾಡಲೂ ಬೇಕು, ಏಕೆಂದರೆ ಫಿಲ್ಮ್ ಈಗ ಅಗ್ಗದ ವಸ್ತುವಲ್ಲ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಮಾಡುತ್ತಿದ್ದ ‘ಇಂದು’ ರೋಲುಗಳ ಕಾಲ ಮುಗಿದುಹೋಗಿದೆ.

ತೀರ ದುರ್ಬಲ ಕಾರಣವೆಂದರೆ ದೊಡ್ಡವರ ಕೈಯಲ್ಲಿ ಅದಿತ್ತು ಎನ್ನುವುದು. ಕಾರ್ಟಿಯೆ-ಬ್ರೆಸಾನ್ ಲೈಕಾ ಹಿಡಿದರು ನಿಜ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ, ಸಿನಿಮಾದ 35 ಮಿ.ಮೀ. ಫಿಲ್ಮನ್ನು ಬಳಸುವ, ಅಂಗೈಯಲ್ಲಿ ಹಿಡಿಸುವ ಯಂತ್ರ. ಬೀದಿಯಲ್ಲಿ ಅಡ್ಡಾಡುತ್ತ, ಯಾರ ಕಣ್ಣಿಗೂ ಬೀಳದೆ ಚಿತ್ರ ತೆಗೆಯುವವರಿಗೆ ಅದೇ ಬೇಕಿತ್ತು. ನಮ್ಮ ಹೋಮಾಯಿ ವ್ಯಾರಾವಾಲಾ ಸ್ಪೀಡ್ ಗ್ರಾಫಿಕ್ ಮತ್ತು ರೊಲೈಫ್ಲೆಕ್ಸ್ ಹಿಡಿದು ದೆಹಲಿಯ ಸಮಾರಂಭಗಳನ್ನು ತೆಗೆದರು. ಎಲ್ಲರಿಗೂ ಕಾಣುವಂತೆ ನಿಂತು ಮಾಡುವ ಆ ಕೆಲಸಕ್ಕೆ ದೊಡ್ಡ ನೆಗೆಟಿವ್ ಒದಗಿಬಂತು. ಇಬ್ಬರ ಆಯ್ಕೆಯ ಹಿಂದೆಯೂ ಅವರ ಕೆಲಸವಿತ್ತು. ನಮ್ಮ ಆಯ್ಕೆಯ ಹಿಂದೆ ಅವರ ಹೆಸರಷ್ಟೇ ಇದ್ದರೆ ಅವರಿಂದ ನಾವು ಏನನ್ನೂ ಕಲಿತಂತಾಗಲಿಲ್ಲ.

ನನ್ನ ಇಷ್ಟ ಯಾಶಿಕಾ ಮ್ಯಾಟ್-124ಜಿ. ಒಂದರ ಮೇಲೊಂದು ಎರಡು ಲೆನ್ಸಿನ ಈ ಕ್ಯಾಮೆರಾ 1970ರಲ್ಲಿ ಬಂತು. 120 ರೋಲಿನಲ್ಲಿ ಹನ್ನೆರಡು ಚೌಕ ಚಿತ್ರಗಳು ಸಿಗುತ್ತವೆ. ಇದನ್ನು ಸಮರ್ಥಿಸಲು ನಾನು ಕೊಪ್ಪಳದ ಪಕ್ಕದ ಭಾಗ್ಯನಗರದ ನೇಕಾರರ ಮನೆಯನ್ನೇ ಮುಂದಿಡುತ್ತೇನೆ.

ಕುಣಿಮಗ್ಗದಲ್ಲಿ ನೇಯುವವರು ಗುಂಡಿಯಲ್ಲಿ ಕಾಲಿಳಿಬಿಟ್ಟು ನೆಲದ ಮಟ್ಟದಲ್ಲೇ ಕೂರುತ್ತಾರೆ. ನಿಂತು, ಕಣ್ಣಿಗೆ ಹಚ್ಚುವ ಕ್ಯಾಮೆರಾದಿಂದ ತೆಗೆದರೆ ಚಿತ್ರದ ತುಂಬ ತಲೆಯ ಕೂದಲು, ಬಗ್ಗಿದ ಭುಜ. ನೇಯುವ ಕೈಗಳು ಕುಗ್ಗಿ ಕಾಣುತ್ತವೆ, ಮುಖವಂತೂ ಅರ್ಧ ಮರೆ. ಯಾಶಿಕಾವನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು, ಮೇಲಿನ ಗಾಜಿನೊಳಗೆ ತಲೆ ಬಗ್ಗಿಸಿ ನೋಡಬೇಕು. ಆಗ ಲೆನ್ಸು ಕೂತವರ ಮುಖದ ಎತ್ತರಕ್ಕೆ ಹೆಚ್ಚುಕಡಿಮೆ ಸರಿಯಾಗಿ ನಿಲ್ಲುತ್ತದೆ. ಗಾಜಿನಲ್ಲಿ ಎಡಬಲ ಅದಲುಬದಲಾಗಿರುತ್ತದೆ: ಲಾಳಿ ಬಲಕ್ಕೆ ಓಡಿದರೆ ಅಲ್ಲಿ ಎಡಕ್ಕೆ ಓಡುತ್ತದೆ. ಒಂದು ಮೀಟರಿನಷ್ಟು ಹತ್ತಿರ ಹೋದಾಗ, ನೋಡುವ ಲೆನ್ಸು ಮೇಲೂ ತೆಗೆಯುವ ಲೆನ್ಸು ಕೆಳಗೂ ಇರುವುದರಿಂದ ಚಿತ್ರದಲ್ಲಿ ನೆತ್ತಿ ಕತ್ತರಿಸಿಹೋಗುವ ಭಯವಿದೆ. ಮೇಲ್ಗಡೆ ಒಂದಿಷ್ಟು ಜಾಗ ಬಿಡುವುದು ರೂಢಿಯಾಗಬೇಕು. ಈ ತೊಡಕುಗಳನ್ನು ನಾನು ಮುಚ್ಚಿಡುವುದಿಲ್ಲ.

‘ಕುಕ್ಕರಗಾಲಲ್ಲಿ ಕೂತರೆ ಯಾವ ಕ್ಯಾಮೆರಾದಿಂದಲೂ ಆ ಎತ್ತರ ಸಿಗುತ್ತದಲ್ಲ’ ಎಂದು ಕೇಳಬಹುದು. ಎತ್ತರ ಸಿಗುತ್ತದೆ. ಆದರೆ ಕಣ್ಣಿಗೆ ಹಚ್ಚಿದ ಕ್ಯಾಮೆರಾ ತೆಗೆಯುವವರ ಮುಖವನ್ನೇ ಮುಚ್ಚುತ್ತದೆ. ಯಾಶಿಕಾದಲ್ಲಿ ಫೋಕಸ್ ಕೂಡಿಸಿಟ್ಟು, ತಲೆಯೆತ್ತಿ, ‘ಈ ಸೆರಗು ಮುಗಿಯಲು ಎಷ್ಟು ದಿನ ಹಿಡಿಯುತ್ತದೆ?’ ಎಂದು ಕೇಳಬಹುದು. ಉತ್ತರ ಹೇಳುತ್ತಿರುವ ಮುಖವನ್ನೇ ತೆಗೆಯಬಹುದು. ಕನ್ನಡಿ ಮೇಲೇಳುವ ಸದ್ದಿಲ್ಲ, ಕ್ಲಿಕ್ಕಿನ ಗಳಿಗೆಯಲ್ಲಿ ನೋಟ ಕಪ್ಪಾಗುವುದೂ ಇಲ್ಲ. ಹಾಗಾಗಿ ಕಣ್ಣು ಮುಚ್ಚಿದರೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಇನ್ನು ನೆಗೆಟಿವ್‌ನ ವಿಸ್ತಾರ 35 ಮಿ.ಮೀ.ದಕ್ಕಿಂತ ಮೂರೂವರೆ ಪಟ್ಟು ಹೆಚ್ಚು. ಹಾಸು ಹೊಕ್ಕಿನ ಎಳೆಗಳನ್ನು ಬಿಡಿಬಿಡಿಯಾಗಿ ತೋರಿಸಬೇಕೆನ್ನುವವರಿಗೆ ಇದು ಸಣ್ಣ ಮಾತಲ್ಲ.

ಗಟ್ಟಿಯಾದ ಆಕ್ಷೇಪ ಬೆಳಕಿನದು. ಬೆಳಕಿಂಡಿಯಿಂದ ಬೀಳುವಷ್ಟೇ ಬೆಳಕಿರುವ ಮನೆಯಲ್ಲಿ ಯಾಶಿಕಾದ ಎಫ್/3.5 ಲೆನ್ಸು ಸೋಲುತ್ತದೆ. ಲೈಕಾಕ್ಕೆ ಹಾಕುವ ಎಫ್/2 ಲೆನ್ಸು ಅದರ ಮೂರು ಪಟ್ಟು ಬೆಳಕು ಒಳಬಿಡುತ್ತದೆ. ಈ ಲೆಕ್ಕಕ್ಕೆ ಎದುರಾಡಲಾರೆ. 400 ವೇಗದ ಫಿಲ್ಮ್ ಹಾಕಿಯೂ ಕೆಲವೊಮ್ಮೆ 1/30 ಸೆಕೆಂಡಿಗೆ ಇಳಿಯಬೇಕಾಗುತ್ತದೆ. ಆಗ ಮುಖ ನಿಲ್ಲುತ್ತದೆ, ಲಾಳಿ ಬರೀ ಗೆರೆಯಾಗುತ್ತದೆ. ನೇಯ್ಗೆಯ ಚಿತ್ರದಲ್ಲಿ ಓಡುವುದು ಓಡಿದಂತೆ ಕಂಡರೆ ನನಗೆ ನಷ್ಟವೆನಿಸುವುದಿಲ್ಲ. ಲಾಳಿಯನ್ನೂ ನಿಲ್ಲಿಸಬೇಕೆನ್ನುವವರು ಲೈಕಾ ಆರಿಸಿಕೊಂಡರೆ ಅವರದು ಕಾರಣವುಳ್ಳ ಇಷ್ಟವೇ.

ಎದುರಿನದು ಅಲುಗದಿದ್ದರೆ ಈ ವಾದವೆಲ್ಲ ಸಡಿಲವಾಗುತ್ತದೆ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಅದರ ನುಣುಪು ಕಂಬಗಳ ನಡುವಿನ ಮಬ್ಬಿನಲ್ಲಿ ಕ್ಯಾಮೆರಾಕ್ಕಿಂತ ಸ್ಟ್ಯಾಂಡೇ ಮುಖ್ಯ. ಕಲ್ಲು ಎಷ್ಟು ಹೊತ್ತಾದರೂ ಕಾಯುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣದ ಕಾಗದದ ನೆಗೆಟಿವ್‌ಗಳಲ್ಲೇ ಹಂಪಿಯನ್ನು ಅಷ್ಟು ವಿವರವಾಗಿ ಹಿಡಿದರಲ್ಲ!

ಬ್ಯಾಟರಿಯ ಮಾತನ್ನೂ ಹೇಳಬೇಕು. ಯಾಶಿಕಾದ ಬೆಳಕಿನ ಮೀಟರಿಗೆ ಬೇಕಾದ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. ಆದರೂ ಶಟರ್ ಪೂರ್ತಿ ಯಾಂತ್ರಿಕವಾದ್ದರಿಂದ, ಬೆಳಕನ್ನು ಬೇರೆ ಮೀಟರಿನಿಂದ ಅಳೆದರೆ ಕೆಲಸ ನಿಲ್ಲುವುದಿಲ್ಲ. 1976ರ ಕ್ಯಾನನ್ ಎಇ-1 ಎಷ್ಟೇ ಚೆಂದವಿದ್ದರೂ ಬ್ಯಾಟರಿ ಸತ್ತರೆ ಅದರ ಶಟರ್ ಬಿಚ್ಚುವುದಿಲ್ಲ. ಕಲಿಯುವ ಹುಡುಗರಿಗೆ ನಾನು ಅದೇ ವರ್ಷ ಬಂದ ಪೆಂಟ್ಯಾಕ್ಸ್ ಕೆ1000 ಹೇಳುತ್ತೇನೆ. ಅದರಲ್ಲಿ ಬ್ಯಾಟರಿ ಮೀಟರಿಗೆ ಮಾತ್ರ. ಫೋಕಸ್, ಶಟರ್, ಅಪರ್ಚರ್ ಮೂರನ್ನೂ ಅವರೇ ತಿರುಗಿಸಬೇಕು, ಯಾವುದನ್ನೂ ಯಂತ್ರ ಅವರ ಪರವಾಗಿ ತೀರ್ಮಾನಿಸುವುದಿಲ್ಲ.

ಇಷ್ಟೆಲ್ಲ ಹೇಳಿಯೂ, ಕೊಪ್ಪಳದ ಗವಿಮಠದ ತೇರಿನ ದಿನ ಯಾಶಿಕಾ ಒಯ್ಯುವುದು ಹಟವಷ್ಟೇ ಆದೀತು. ನೂಕುನುಗ್ಗಲಿನಲ್ಲಿ ಹೊಟ್ಟೆಯ ಮಟ್ಟದ ಲೆನ್ಸಿಗೆ ಮುಂದಿನವರ ಬೆನ್ನಷ್ಟೇ ಕಾಣುತ್ತದೆ. ಹನ್ನೆರಡು ಚಿತ್ರ ಮುಗಿದರೆ ಆ ಗದ್ದಲದಲ್ಲಿ ರೋಲು ಬದಲಿಸುವಷ್ಟರಲ್ಲಿ ತೇರು ದಾಟಿರುತ್ತದೆ. ಅಲ್ಲಿ ಬೇಕಾದದ್ದು 1982ರ ನಿಕಾನ್ ಎಫ್‌ಎಂ2, ಉದ್ದ ಲೆನ್ಸು, 36 ಚಿತ್ರಗಳ ರೋಲು. ಅದರ 1/4000 ಸೆಕೆಂಡಿನ ಶಟರ್ ಕೂಡ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ತೇರಿನತ್ತ ಎಸೆದ ಉತ್ತತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಲು ಅದರ ಕಾಲುಭಾಗದ ವೇಗವೇ ಸಾಕು.