ಇಬ್ಬರಿಗೂ ಬರದೇ ಇರೋದನ್ನ ಒಟ್ಟಿಗೆ ಕಲೀರಿ

ನಮ್ಮ ಕ್ಯಾಂಪಸ್‌ನಲ್ಲಿ ಜೋಡಿಗಳಿಗೆ ಕೊರತೆ ಇಲ್ಲ. ಆ ಜೋಡಿಗಳಿಗೆ ಒಟ್ಟಿಗೆ ಮಾಡೋಕೆ ಕೆಲಸ ಇಲ್ಲ, ಅಷ್ಟೆ. ಕ್ಯಾಂಟೀನಲ್ಲಿ ಎದುರುಬದುರು ಕೂತು ಇಬ್ಬರೂ ಅವರವರ ಫೋನ್ ನೋಡ್ತಿರ್ತಾರೆ. ಭಾನುವಾರ ಬಂದ್ರೆ ಒಂದು ಕೆಫೆ, ಒಂದು ಸಿನಿಮಾ, ನಾಲ್ಕು ಸ್ಟೋರಿ. ಇದರಲ್ಲಿ ತಪ್ಪೇನಿಲ್ಲ. ಆದ್ರೆ ಆರು ತಿಂಗಳು ಹೀಗೇ ಸುತ್ತಿದ ಮೇಲೂ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಗೊತ್ತಿರೋದು ಏನು? ಯಾವ ಬಿರಿಯಾನಿ ಇಷ್ಟ, ಯಾವ ಹೀರೋ ಇಷ್ಟ.

ನಾನು ಹೇಳೋದು ಇಷ್ಟೆ: ಇಬ್ಬರಿಗೂ ಬರದೇ ಇರೋ ಒಂದು ಕಲೆಯನ್ನ ಒಟ್ಟಿಗೆ ಕಲಿಯೋಕೆ ಶುರು ಮಾಡಿ. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿದ್ರೆ ಅದು ಟ್ಯೂಷನ್ ಆಗಿಬಿಡತ್ತೆ. ಇಬ್ಬರಿಗೂ ಬರಲ್ಲ ಅಂದಾಗ ಮಾತ್ರ ಇಬ್ಬರೂ ಒಂದೇ ಬೆಂಚು.

ಬಾಲ್‌ರೂಮ್ ಡ್ಯಾನ್ಸ್ ತಗೊಳ್ಳಿ. ಸಿನಿಮಾದಲ್ಲಿ ನೋಡಿದಾಗ ಸೂಟು, ಗೌನು, ದೀಪಗಳೇ ಕಾಣ್ತವೆ. ಒಳಗಿನ ವಿಷಯ ಬೇರೆ. ವಾಲ್ಟ್ಸ್ ಅನ್ನೋ ನೃತ್ಯದಲ್ಲಿ ಒಂದು-ಎರಡು-ಮೂರು ಅಂತ ಮೂರರ ಎಣಿಕೆ. ಒಬ್ಬರು ಲೀಡ್, ಇನ್ನೊಬ್ಬರು ಫಾಲೋ. ಲೀಡ್ ಎಡಗಾಲು ಮುಂದಿಟ್ಟಾಗ ಫಾಲೋ ಬಲಗಾಲನ್ನ ಹಿಂದಕ್ಕೆ ಇಡಬೇಕು. ಅಂದ್ರೆ ಒಬ್ಬರು ತಾವು ಹೋಗೋ ದಾರಿಯನ್ನೇ ನೋಡದೆ ಹಿಂದಕ್ಕೆ ನಡೀತಿರ್ತಾರೆ. ಗೋಡೆ, ಪಕ್ಕದ ಜೋಡಿ ಎಲ್ಲವನ್ನೂ ನೋಡ್ಕೊಳ್ಳೋ ಜವಾಬ್ದಾರಿ ಎದುರಿಗಿರೋರದ್ದು. ಹಾಗಾಗಿ ಲೀಡ್ ಅಂದ್ರೆ ಬಾಸ್ ಅಲ್ಲ. ಕೈ ಹಿಡಿದು ಎಳೆದ್ರೆ ಇನ್ನೊಬ್ಬರ ಬ್ಯಾಲೆನ್ಸ್ ತಪ್ಪತ್ತೆ. ತನ್ನ ದೇಹದ ಭಾರ ಸರಿಸಿ ಸೂಚನೆ ಕೊಡಬೇಕು, ಅದು ತಲುಪಿತಾ ಅಂತ ಗಮನಿಸಬೇಕು. ನಮ್ಮ ಸಿಲಬಸ್ ಭಾಷೇಲಿ ಹೇಳೋದಾದ್ರೆ, ಫೀಡ್‌ಬ್ಯಾಕ್ ಇಲ್ಲದ ಓಪನ್ ಲೂಪ್ ಇಲ್ಲಿ ನಡೆಯಲ್ಲ. ಹುಡುಗ ಹುಡುಗಿ ಇಬ್ಬರೂ ಈ ಎರಡು ಪಾತ್ರಗಳನ್ನ ಅದಲುಬದಲು ಮಾಡ್ಕೊಂಡು ಕಲಿಯಬೇಕು ಅನ್ನೋದು ನನ್ನ ವಾದ. ಹಿಂದಕ್ಕೆ ನಡೆಯೋ ಭಯ ಏನು ಅಂತ ಹಿಂದಕ್ಕೆ ನಡೆದವರಿಗೇ ಗೊತ್ತು.

ಕುಣಿಯೋಕೆ ನಾಚಿಕೆ ಆದ್ರೆ ಒಬ್ಬರ ಮುಖವನ್ನ ಇನ್ನೊಬ್ಬರು ಬಿಡಿಸಿ. ಹೊಸಬರು ಮುಖ ಬಿಡಿಸಿದಾಗ ಕಣ್ಣುಗಳು ತುಂಬಾ ಮೇಲೆ ಹೋಗಿರ್ತವೆ. ನಿಜವಾಗಿ ಕಣ್ಣು ಇರೋದು ತಲೆಯ ಎತ್ತರದ ಹೆಚ್ಚುಕಮ್ಮಿ ಅರ್ಧದಲ್ಲಿ. ನಾವು ಕಣ್ಣು, ಮೂಗು, ಬಾಯಿಗೆ ಮಾತ್ರ ಬೆಲೆ ಕೊಟ್ಟು ಹಣೆಯನ್ನ ಮರೀತೀವಿ. ದಿನಾ ನೋಡೋ ಮುಖವನ್ನ ನಾವು ನೋಡೇ ಇಲ್ಲ ಅಂತ ಪೆನ್ಸಿಲ್ ಹಿಡಿದಾಗ ಗೊತ್ತಾಗತ್ತೆ. ಡಚ್ ಕಲಾವಿದ ರೆಂಬ್ರಾಂಟ್ ತನ್ನ ಹೆಂಡತಿ ಸಾಸ್ಕಿಯಾಳನ್ನ 1633ರಲ್ಲಿ, ಮದುವೆ ನಿಶ್ಚಯವಾದ ಹೊಸದರಲ್ಲೇ, ಟೋಪಿ ಹಾಕಿ ನಗ್ತಿರೋ ಹಾಗೆ ಬಿಡಿಸಿದ. ಆಮೇಲೆ ಹಾಸಿಗೆಯಲ್ಲಿ ಮಲಗಿರೋ ಹಾಗೂ ಬಿಡಿಸಿದ. 1642ರಲ್ಲಿ ಅವಳು ತೀರಿಕೊಂಡಳು. ಚೆನ್ನಾಗಿ ಕಾಣೋ ದಿನದ ಸೆಲ್ಫಿ ಎಲ್ಲರೂ ತೆಗೀತಾರೆ, ಚೆನ್ನಾಗಿ ಕಾಣದ ದಿನವೂ ಕೂತು ನೋಡೋರು ಕಮ್ಮಿ.

ಇಷ್ಟೆಲ್ಲ ಹೇಳೋಕೆ ಇನ್ನೊಂದು ಕಾರಣ ಇದೆ. ನೀವು ಕಾಲು ತುಳಿದಾಗ, ಮೂಗು ವಕ್ರವಾಗಿ ಬರೆದಾಗ ಎದುರಿನವರು ಏನು ಮಾಡ್ತಾರೆ? ನಕ್ಕು "ಇನ್ನೊಂದ್ಸಲ" ಅಂತಾರಾ, ಅಥವಾ ಎಲ್ಲರ ಮುಂದೆ "ನಿಂಗೆ ಇಷ್ಟೂ ಬರಲ್ವಾ" ಅಂತಾರಾ? ಎರಡನೇ ಥರದವರು ನಾಳೆ ನಿಮ್ಮ ಸಿಜಿಪಿಎ, ಸಂಬಳ, ಅಡುಗೆ ಎಲ್ಲದಕ್ಕೂ ಅದನ್ನೇ ಹೇಳೋ ಸಾಧ್ಯತೆ ಜಾಸ್ತಿ. ಇದು ಕೆಫೇಲಿ ಗೊತ್ತಾಗಲ್ಲ. ಅಲ್ಲಿ ಇಬ್ಬರೂ ಒಳ್ಳೆಯವರೇ.

"ಇಂಟರ್ನಲ್ಸ್ ಮಧ್ಯೆ ಟೈಮ್ ಎಲ್ಲಿ ಗುರು?" ಅಂತೀರಿ. ರೀಲ್ಸ್‌ಗೆ ಸಿಗೋ ಟೈಮಲ್ಲಿ ಇಪ್ಪತ್ತು ನಿಮಿಷ ಸಾಕು. ದುಡ್ಡೂ ಬೇಡ, ಎರಡು ಎ4 ಹಾಳೆ, ಎರಡು ಪೆನ್ಸಿಲ್. "ಹುಡುಗ ಹುಡುಗಿ ಕೈ ಹಿಡ್ಕೊಂಡು ಕುಣಿದ್ರೆ ನೋಡಿದವರು ಏನಂತಾರೆ?" ಅನ್ನೋದು ದೊಡ್ಡ ಪ್ರಶ್ನೆ. ಅಂತಾರೆ, ನಿಜ. ಆದ್ರೆ ಈ ಡ್ಯಾನ್ಸಲ್ಲಿ ಯಾರ ಕೈ ಎಲ್ಲಿರಬೇಕು ಅಂತ ಸ್ಪಷ್ಟ ನಿಯಮ ಇದೆ. ಕೇಳಿ ಕೈ ಹಿಡಿಯೋದು, ಬೇಡ ಅಂದಾಗ ಬಿಡೋದು, ಇವೆರಡನ್ನೂ ಹನ್ನೆರಡು ವರ್ಷದ ಸ್ಕೂಲು ಕಾಲೇಜಲ್ಲಿ ನಮಗೆ ಯಾರೂ ಹೇಳ್ಕೊಡಲಿಲ್ಲ.

"ಇದೆಲ್ಲ ಫಾರಿನ್ ಶೋಕಿ" ಅನ್ನೋರಿಗೆ ಬೆಂಗಳೂರಿನದೇ ಉದಾಹರಣೆ ಕೊಡ್ತೀನಿ. ಯು.ಎಸ್. ಕೃಷ್ಣರಾವ್ ಸೆಂಟ್ರಲ್ ಕಾಲೇಜಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಅವರೂ ಅವರ ಹೆಂಡತಿ ಚಂದ್ರಭಾಗಾದೇವಿಯವರೂ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಹತ್ತಿರ ಭರತನಾಟ್ಯ ಕಲಿತರು. ಮರ್ಯಾದಸ್ಥರ ಮನೆಯವರು ಕುಣಿಯೋದೇ ತಪ್ಪು ಅಂತ ತುಂಬಾ ಜನ ನಂಬಿದ್ದ ಕಾಲ ಅದು. ಇವರು ಗಂಡ ಹೆಂಡತಿ ಒಂದೇ ವೇದಿಕೆ ಮೇಲೆ ಕುಣಿದರು, ನೂರಾರು ಜನಕ್ಕೆ ಕಲಿಸಿದರು. ಲ್ಯಾಬು ಮತ್ತು ಗೆಜ್ಜೆ ಎರಡೂ ಒಂದೇ ಮನೇಲಿ ಇರಬಹುದು ಅಂತ ನಮಗಿಂತ ಎಷ್ಟೋ ಮೊದಲೇ ತೋರಿಸಿದ್ದಾರೆ.

ಅಪ್ಪ ಅಮ್ಮ ಒಟ್ಟಿಗೆ ಮಾಡೋ ಕೆಲಸಗಳನ್ನ ಒಮ್ಮೆ ಲೆಕ್ಕ ಹಾಕಿದೆ. ಮದುವೆ ಮನೆಗಳಿಗೆ ಹೋಗೋದು, ಬ್ಯಾಂಕಿಗೆ ಹೋಗೋದು, ನನ್ನ ಪೇರೆಂಟ್ಸ್ ಮೀಟಿಂಗಿಗೆ ಬರ್ತಿದ್ದಿದ್ದು. ಅಮ್ಮ ಮದುವೆಗೆ ಮುಂಚೆ ಚಿತ್ರ ಬರೀತಿದ್ರಂತೆ, ಅಪ್ಪ ಹಾಡ್ತಿದ್ರಂತೆ. ನಿಲ್ಲಿಸಿ ಅಂತ ಯಾರೂ ಹೇಳಿಲ್ಲ. ಇಎಂಐ, ನಾನು, ತಂಗಿ, ಅಜ್ಜಿಯ ಆಸ್ಪತ್ರೆ, ಹೀಗೇ ನಿಂತುಹೋಯ್ತು. ಇಬ್ಬರಲ್ಲಿ ಜಗಳ ಇಲ್ಲ, ಪ್ರೀತಿ ಇದೆ. ಆದ್ರೆ ಖರ್ಚು ಮತ್ತು ಮಕ್ಕಳು ಬಿಟ್ಟು ಬೇರೆ ಮಾತು ಕಮ್ಮಿ. ಪ್ಲೇಸ್‌ಮೆಂಟ್ ಆದ್ಮೇಲೆ ಹಾಬಿ ನೋಡ್ಕೊಳ್ಳೋಣ ಅನ್ನೋ ನಾವೂ ಅದೇ ದಾರಿಯಲ್ಲಿದ್ದೀವಿ.

ಬ್ರೇಕಪ್ ಆದ್ರೆ? ಆಗಬಹುದು. ಕಲಿತ ಹೆಜ್ಜೆ, ಪಳಗಿದ ಕೈ ನಿಮ್ಮ ಹತ್ತಿರವೇ ಇರತ್ತೆ. ಸಿಂಗಲ್ ಆಗಿರೋರು ಫ್ರೆಂಡ್ ಜೊತೆ, ತಂಗಿ ಜೊತೆ ಶುರು ಮಾಡಿ.

ಒಂದೇ ಷರತ್ತು: ಮೊದಲ ಮೂರು ತಿಂಗಳು ಕ್ಯಾಮೆರಾ ಬೇಡ. ಈ ಶನಿವಾರ ಲೈಬ್ರರಿ ಹಿಂದಿನ ಕಟ್ಟೆ ಮೇಲೆ ಎದುರುಬದುರು ಕೂತು, ಇಪ್ಪತ್ತು ನಿಮಿಷ ಮಾತಾಡದೆ, ಒಬ್ಬರನ್ನೊಬ್ಬರು ಬಿಡಿಸಿ. ಚಿತ್ರ ನೋಡಿ ಎಷ್ಟು ಬೇಕಾದ್ರೂ ನಗಿ, ಬರೆದವರನ್ನ ನೋಡಿ ನಗಬೇಡಿ.